15 ಡಾಲರ್ ಹೋರಾಟಕ್ಕಿಂತ ಮುಂಚೆ ಅಮೆರಿಕದಲ್ಲಿ ನೆಲ ಒರೆಸೋರು, ಪ್ಲೇಟ್ ಎತ್ತೋರು ಸಂಬಳಕ್ಕೆ ಒಗ್ಗಟ್ಟಾಗಿದ್ದು ಇದ್ಯಾ?

ರಘು_ಮಳೆಗಾಲ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಫ್ಯಾಮಿಲಿ ಗ್ರೂಪಲ್ಲಿ ಒಂದು ವಾದ ಶುರುವಾಗಿ ಮೂರು ದಿನ ಆಯ್ತು, ಮುಗಿಯೋ ಲಕ್ಷಣ ಇಲ್ಲ, ಅದಕ್ಕೇ ಇಲ್ಲಿಗೆ ಬಂದೆ. ನಮ್ಮ ದೊಡ್ಡಪ್ಪನ ಮಗ ನ್ಯೂಜೆರ್ಸಿಲಿರೋದು. ಅವ್ನ ಪ್ರಕಾರ ಯೂನಿಯನ್ ಅಂದ್ರೆ ಕಾರ್ ಫ್ಯಾಕ್ಟರಿ, ಕಲ್ಲಿದ್ದಲು ಗಣಿ, ಸ್ಟೀಲು ಇಂಥ ಕಡೆ ಸರಿ, ಬರ್ಗರ್ ಕಟ್ಟಿಕೊಡೋರು ಆಫೀಸ್ ಗುಡಿಸೋರು ಇವ್ರೆಲ್ಲ ಇವತ್ತು ಬಂದು ನಾಳೆ ಹೋಗೋ ಜನ, ಯಾವತ್ತೂ ಸಂಘ ಕಟ್ಟಿದವ್ರೇ ಅಲ್ಲ, 2012ರಲ್ಲಿ ಫಾಸ್ಟ್‌ಫುಡ್ ಕೆಲಸದೋರು ಶುರುಮಾಡಿದ ಗಂಟೆಗೆ 15 ಡಾಲರ್ ಸಂಬಳದ ಹೋರಾಟ ಒಂದು ದೊಡ್ಡ ಯೂನಿಯನ್ ದುಡ್ಡು ಸುರಿದು ಆಡಿಸಿದ ನಾಟಕ ಅಷ್ಟೇ ಅಂತ. ನಂಗೆ ಒಪ್ಪಿಗೆ ಆಗ್ಲಿಲ್ಲ, ಆದ್ರೆ ತಿರುಗಿ ಹೇಳೋಕೆ ಕೈಯಲ್ಲಿ ಸರಕಿಲ್ಲ. ನನ್ನ ಹತ್ರ ಇದ್ದದ್ದು ಒಂದೇ ಪಾಯಿಂಟು, ಮಾರ್ಟಿನ್ ಲೂಥರ್ ಕಿಂಗ್ ಸತ್ತಾಗ ಕಸದೋರ ಸ್ಟ್ರೈಕಿಗೆ ಹೋಗಿದ್ರು ಅಂತ. ಅದನ್ನ ಹೇಳಿದ್ದಕ್ಕೆ "ಅದು ಕರಿಯರ ಹಕ್ಕಿನ ಹೋರಾಟ, ಸಂಬಳದ್ದಲ್ಲ" ಅಂತ ಬಾಯಿ ಮುಚ್ಚಿಸಿದ.

ಇದಕ್ಕೂ ಹಿಂದೆ ಇಂಥ ಕೆಲಸದವ್ರು ಸಂಬಳಕ್ಕೆ ಅಂತ ಒಗ್ಗಟ್ಟಾಗಿದ್ದು ಇದ್ಯಾ? ಇದ್ರೆ ಏನಾದ್ರೂ ದಕ್ಕಿತಾ? ಸುಮ್ನೆ ಘೋಷಣೆ ಬೇಡ, ನಡೆದದ್ದು ಗೊತ್ತಿರೋರು ಹೇಳಿ ಪ್ಲೀಸ್.


ಶಾಲ್ಮಲಾ ಉತ್ತರ:

ರಘು ಅವ್ರೆ, ನಿಮ್ಮಣ್ಣಂಗೆ 1881ರ ಅಟ್ಲಾಂಟಾ ಕಥೆ ಹೇಳಿ ಮೊದ್ಲು.

ಗುಲಾಮಗಿರಿ ಹೋಗಿ ಇನ್ನೂ ಹದಿನಾರು ವರ್ಷ. ಊರಿನ ಬಟ್ಟೆ ಎಲ್ಲ ಒಗೀತಿದ್ದೋರು ಕಪ್ಪು ಹೆಂಗಸ್ರು, ತಿಂಗಳಿಗೆ 4ರಿಂದ 8 ಡಾಲರ್ ದುಡಿಮೆ. ಒಗೆಯೋದು ಅಂದ್ರೆ ಈಗಿನ ಹಾಗೆ ಮಷೀನಿಗೆ ಹಾಕಿ ಬಟನ್ ಒತ್ತೋದಲ್ಲ, ಸೋಮವಾರ ಮನೆಮನೆ ತಿರುಗಿ ಗಂಟು ಹೊತ್ಕೊಂಡು ಬರೋದು, ಬಾವಿಯಿಂದಲೋ ಬೋರಿಂದಲೋ ನೀರು ಹೊರೋದು, ಸೋಪು ಮನೇಲೇ ಕ್ಷಾರ ಹಾಕಿ ಕಾಯಿಸಿ ಮಾಡ್ಕೊಳ್ಳೋದು, ಗಂಜಿಗೆ ಗೋಧಿ ಬೂಸಾ ನೆನೆಸೋದು, ತೊಟ್ಟಿ ಅಂದ್ರೆ ಬಿಯರ್ ಪೀಪಾಯಿನ ಮಧ್ಯಕ್ಕೆ ಕೊಯ್ದು ಮಾಡಿದ್ದು, ಆಮೇಲೆ ಕಬ್ಬಿಣದ ಇಸ್ತ್ರಿ ಒಲೆ ಮೇಲೆ ಕಾಯಿಸಿ ಕಾಯಿಸಿ ಶನಿವಾರದ ತನಕ ಉಜ್ಜಿ ತಿರುಗಿ ಮನೆಮನೆಗೆ ಮುಟ್ಟಿಸೋದು. ಮಕ್ಕಳೂ ಜೊತೆಗೇ ದುಡೀತಿದ್ವು. ಆದ್ರೆ ಒಂದು ವಿಷಯ ಗಮನಿಸಿ, ಈ ಕೆಲಸ ಅವ್ರು ಮಾಡ್ತಿದ್ದದ್ದು ತಮ್ಮ ಅಂಗಳದಲ್ಲೇ, ನಾಲ್ಕೈದು ಜನ ಸೇರಿ. ಯಜಮಾನಿ ಕಣ್ಣು ತಲೆ ಮೇಲೆ ಇರ್ಲಿಲ್ಲ. ಅಡುಗೆ ಕೆಲಸಕ್ಕೆ ಹೋಗೋಳು ಒಬ್ಳೇ ಒಂದು ಮನೇಲಿ ಬಂಧಿ, ಒಗೆಯೋಳು ಹಾಗಲ್ಲ, ಮಾತಾಡೋಕೆ ಜನ ಇರ್ತಿದ್ರು. ಸಂಘ ಹುಟ್ಟಿದ್ದೇ ಅಲ್ಲಿ ಅಂತ ನನ್ನ ಲೆಕ್ಕ.

ಜುಲೈ 1881ರಲ್ಲಿ ಇಪ್ಪತ್ತು ಜನ ಸೇರಿ ಸಂಘ ಶುರುಮಾಡಿದ್ರು, ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್ ರೇಟು ಅಂತ ಗೊತ್ತುಮಾಡಿ ಸ್ಟ್ರೈಕ್ ಹೂಡಿದ್ರು. ಮನೆಮನೆಗೆ ಹೋಗಿ ಸೇರಿಸ್ಕೊಂಡ್ರು, ಚರ್ಚಲ್ಲಿ ಮೀಟಿಂಗು, ಮೂರೇ ವಾರದಲ್ಲಿ ಇಪ್ಪತ್ತಿದ್ದದ್ದು ಮೂರು ಸಾವಿರ! ಪೊಲೀಸ್ರು ಕೆಲವ್ರನ್ನ ಹಿಡಿದು ದಂಡ ಹಾಕಿದ್ರು. ಆಮೇಲೆ ಸಿಟಿ ಕೌನ್ಸಿಲ್‌ನೋರು ಒಂದು ಬುದ್ಧಿವಂತಿಕೆ ಮಾಡಿದ್ರು, ಸಂಘಕ್ಕೆ ಸೇರಿದ ಒಗೆಯೋಳು ವರ್ಷಕ್ಕೆ 25 ಡಾಲರ್ ಲೈಸೆನ್ಸ್ ಫೀಸ್ ಕಟ್ಬೇಕು ಅಂತ ಪ್ರಸ್ತಾಪ ಇಟ್ರು. ತಿಂಗಳಿಗೆ ನಾಲ್ಕು ಡಾಲರ್ ದುಡಿಯೋಳಿಗೆ ಇಪ್ಪತ್ತೈದು. ಈ ಹೆಂಗಸ್ರು ಹೆದರಿ ಮನೆಗೆ ಹೋಗ್ಲಿಲ್ಲ, ಮೇಯರಿಗೆ ಪತ್ರ ಬರೆದ್ರು. ಆಯ್ತು, 25 ಅಲ್ಲ 50 ಬೇಕಾದ್ರೂ ಕಟ್ತೀವಿ, ಆದ್ರೆ ಫೀಸ್ ಕಟ್ಟಿದ ಮೇಲೆ ಊರಿನ ಒಗೆತ ಪೂರ್ತಿ ನಮ್ಮ ಕೈಲಿ, ರೇಟೂ ನಮ್ದೇ, ಈ ವಾರ ಏನೋ ಒಂದು ಹೇಳಿ ಇಲ್ಲಾಂದ್ರೆ ಬಟ್ಟೆ ಒಗೆಯಲ್ಲ ಅನ್ನೋ ಧಾಟಿ. ಕೌನ್ಸಿಲ್ ಆ ಫೀಸ್ ಸುದ್ದಿ ಅಲ್ಲಿಗೇ ಬಿಟ್ತು. ಅದೇ ಅಕ್ಟೋಬರಲ್ಲಿ ಊರಲ್ಲಿ ಅಂತಾರಾಷ್ಟ್ರೀಯ ಹತ್ತಿ ಮೇಳ ಇತ್ತು, ಹೊರಗಿನ ದೊಡ್ಡ ಮನುಷ್ಯರೆಲ್ಲ ಬರೋರು, ಮಾಸಿದ ಬಟ್ಟೆ ಗುಡ್ಡೆ ಬಿದ್ರೆ ಮಾನ ಹೋಗುತ್ತೆ ಅಂತ ಎಲ್ರಿಗೂ ಗೊತ್ತಿತ್ತು. ಇವ್ರನ್ನ ನೋಡಿ ಅಡುಗೆಯೋರು, ಆಯಾಗಳು, ಹೋಟೆಲ್ ವೇಟರ್‌ಗಳೂ ಕೂಲಿ ಜಾಸ್ತಿ ಕೇಳೋಕೆ ಶುರುಮಾಡಿದ್ರು.

ಇದೂ ಮೊದಲಲ್ಲ, 1866ರಲ್ಲೇ ಮಿಸಿಸಿಪಿಯ ಜಾಕ್ಸನ್‌ನಲ್ಲಿ ಬಟ್ಟೆ ಒಗೆಯೋ ಹೆಂಗಸ್ರು ಎಲ್ರೂ ಒಂದೇ ರೇಟು ತಗೋತೀವಿ ಅಂತ ಮೇಯರಿಗೆ ಬರೆದುಕೊಟ್ಟಿದ್ರು. ಗುಲಾಮಗಿರಿ ಕಾನೂನಾಗಿ ಹೋಗಿ ಒಂದು ವರ್ಷ ಕೂಡ ತುಂಬಿರ್ಲಿಲ್ಲ ಆಗ. ಇವತ್ತು ಬಂದು ನಾಳೆ ಹೋಗೋ ಜನ ಅಂತೆ.


ತರಲೆ_ತಿಮ್ಮಯ್ಯ ಉತ್ತರ:

ಮೇಡಂ ಸೂಪರ್, ಬರೆದ ರೀತಿಗೆ ಅರ್ಧ ಮಾರ್ಕ್ಸ್ ಜಾಸ್ತಿ. ಆದ್ರೆ ರಘು ಅವ್ರ ಅಣ್ಣ ಹೇಳೋದ್ರಲ್ಲೂ ಸ್ವಲ್ಪ ಹುರುಳಿದೆ ಅನ್ಸುತ್ತೆ ನಂಗೆ, ಇವೆಲ್ಲ ಅಲ್ಲೊಂದು ಇಲ್ಲೊಂದು. ನಿಂತು ಬಾಳಿದ ಯೂನಿಯನ್ ಯಾವ್ದು ಹೇಳಿ? ಕೆಲಸ ಕಲಿಯೋಕೆ ಎರಡು ದಿನ ಸಾಕು ಅನ್ನೋ ಕಡೆ ಸ್ಟ್ರೈಕ್ ಮಾಡಿದ್ರೆ ಬಾಗ್ಲಲ್ಲಿ ಇನ್ನೊಬ್ಬ ನಿಂತಿರ್ತಾನೆ. ಇದು ಅರ್ಥಶಾಸ್ತ್ರ, ಸಿಟ್ಟು ಮಾಡ್ಕೋಬೇಡಿ. ಸಿಯಾಟಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 13 ಡಾಲರಿಗೆ ಏರಿಸಿದಾಗ ಕಮ್ಮಿ ಸಂಬಳದೋರ ಕೆಲಸದ ಗಂಟೆಗಳೇ ಸುಮಾರು 9% ಇಳಿದ್ವು ಅಂತ ಅಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿಯವ್ರೇ 2017ರಲ್ಲಿ ಹೇಳಿದ್ರಲ್ಲ.


ಹಳೇ_ರೈಲು ಉತ್ತರ:

ತಿಮ್ಮಯ್ಯನೋರೆ, ನಿಂತು ಬಾಳಿದ್ದು ಬೇಕಾ? ಪುಲ್‌ಮನ್ ಪೋರ್ಟರ್‌ಗಳು. ನಂಗೆ ರೈಲು ಹುಚ್ಚು ಹಾಗಾಗಿ ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆದ್ರೆ ಕ್ಷಮಿಸಿ.

ಅಮೆರಿಕದ ರಾತ್ರಿ ರೈಲುಗಳಲ್ಲಿ ಐಷಾರಾಮಿ ಸ್ಲೀಪರ್ ಬೋಗಿ ಓಡಿಸ್ತಿದ್ದದ್ದು ಪುಲ್‌ಮನ್ ಕಂಪನಿ. ಹಾಸಿಗೆ ಹಾಸೋದು, ಲಗೇಜ್ ಎತ್ತೋದು, ರಾತ್ರಿ ಎಲ್ರೂ ಮಲಗಿದ ಮೇಲೆ ಅವ್ರ ಬೂಟು ಪಾಲಿಶ್ ಮಾಡಿ ಬೆಳಗ್ಗೆ ಜೋಡಿಸಿಡೋದು, ಇದೆಲ್ಲ ಕಪ್ಪು ಪೋರ್ಟರ್‌ಗಳ ಪಾಲು. ಪಾಲಿಶ್ ಡಬ್ಬಿ ಅವ್ರ ಕಾಸಲ್ಲೇ ತಗೋಬೇಕು! ತಿಂಗಳ ಸಂಬಳ ಪೂರ್ತಿ ಸಿಗೋಕೆ 400 ಗಂಟೆ ಅಥವಾ 11,000 ಮೈಲಿ. ರೈಲು ಹೊರಡೋ ಮುಂಚೆ ಬೋಗಿ ಸಜ್ಜು ಮಾಡೋ ಟೈಮಿಗೆ ಸಂಬಳ ಇಲ್ಲ. ಮಿಕ್ಕಿದ್ದು ಭಕ್ಷೀಸು. ಇನ್ನ ಹೆಸರು, ಪ್ಯಾಸೆಂಜರ್‌ಗಳು ಎಲ್ಲ ಪೋರ್ಟರಿಗೂ "ಜಾರ್ಜ್" ಅಂತಲೇ ಕೂಗೋರು, ಯಾಕಂದ್ರೆ ಮಾಲೀಕನ ಹೆಸರು ಜಾರ್ಜ್ ಪುಲ್‌ಮನ್, ಗುಲಾಮರನ್ನ ಯಜಮಾನನ ಹೆಸರಿಂದ ಕರೀತಿದ್ರಲ್ಲ ಅದೇ ಪದ್ಧತಿ.

1925ರ ಆಗಸ್ಟಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಯೂನಿಯನ್ ಶುರುವಾಯ್ತು, ಮುಖ್ಯಸ್ಥ ಎ. ಫಿಲಿಪ್ ರಾಂಡಾಲ್ಫ್. ಈತ ಪೋರ್ಟರ್ ಅಲ್ವೇ ಅಲ್ಲ, ಪತ್ರಿಕೆ ನಡೆಸೋನು, ಪೋರ್ಟರ್‌ಗಳು ಬೇಕಂತಲೇ ಹೊರಗಿನೋನನ್ನ ಹಿಡಿದ್ರು ಯಾಕಂದ್ರೆ ಪುಲ್‌ಮನ್ ಕಂಪನಿಗೆ ಅವ್ನನ್ನ ಕೆಲಸದಿಂದ ತೆಗೆಯೋಕೆ ಆಗಲ್ಲ, ಅವ್ನಿಗೆ ಅಲ್ಲಿ ಕೆಲಸವೇ ಇಲ್ಲ! ರಘು, ನಿಮ್ಮಣ್ಣ "ಹೊರಗಿನ ಯೂನಿಯನ್ ಆಡಿಸಿದ ನಾಟಕ" ಅಂದ್ರಲ್ಲ ಅದಕ್ಕೆ ಉತ್ತರ ಇಲ್ಲೇ ಇದೆ. ಒಳಗಿನೋನು ಬಾಯಿ ಬಿಟ್ರೆ ಮಾರನೇ ದಿನ ಮನೆಗೆ, ಅದಕ್ಕೇ ಬಾಯಿ ಹೊರಗಿಂದ ತರಬೇಕು. ಕಂಪನಿ ಗೂಢಚಾರರನ್ನ ಇಟ್ಟಿತ್ತು, ಯೂನಿಯನ್ ಸೇರಿದೋರನ್ನ ತೆಗೆದುಹಾಕ್ತು, 1930ರ ದಶಕದ ಆರ್ಥಿಕ ಮಹಾ ಕುಸಿತದ ಟೈಮಲ್ಲಿ ಸದಸ್ಯರು ಕೆಲವು ನೂರಕ್ಕೆ ಇಳಿದಿದ್ರು. ಆದ್ರೂ 1934ರಲ್ಲಿ ರೈಲ್ವೆ ಕಾರ್ಮಿಕ ಕಾಯ್ದೆ (ರೈಲಿನೋರಿಗೆ ಯೂನಿಯನ್ ಹಕ್ಕು ಕೊಡೋದು) ತಿದ್ದುಪಡಿ ಆಗಿ ಪೋರ್ಟರ್‌ಗಳು ಅದರೊಳಗೆ ಬಂದ್ರು, 1937ರ ಆಗಸ್ಟಲ್ಲಿ, ಹನ್ನೆರಡು ವರ್ಷ ಆದ ಮೇಲೆ, ಕಂಪನಿ ಸಹಿ ಹಾಕ್ತು. ತಿಂಗಳಿಗೆ 400 ಇದ್ದ ಗಂಟೆ 240ಕ್ಕೆ ಇಳೀತು, ಸಂಬಳ ಏರ್ತು. ದೊಡ್ಡ ಅಮೆರಿಕನ್ ಕಂಪನಿ ಒಂದು ಕಪ್ಪು ಜನರ ಯೂನಿಯನ್ ಜೊತೆ ಒಪ್ಪಂದ ಮಾಡ್ಕೊಂಡಿದ್ದು ಅದೇ ಮೊದಲು.

ಇನ್ನೊಂದು ಕೊಂಡಿ. 1955ರಲ್ಲಿ ಬಸ್ಸಲ್ಲಿ ಕಪ್ಪು ಜನರಿಗೆ ಬೇರೆ ಸೀಟು ಅನ್ನೋದ್ರ ವಿರುದ್ಧ ನಡೆದ ಮಾಂಟ್ಗೊಮರಿ ಬಸ್ ಬಹಿಷ್ಕಾರಕ್ಕೆ ಬುನಾದಿ ಹಾಕಿದ ಇ. ಡಿ. ನಿಕ್ಸನ್ ಪುಲ್‌ಮನ್ ಪೋರ್ಟರ್. 1963ರ ವಾಷಿಂಗ್ಟನ್ ಜಾಥಾದ ಮುಂದಾಳು ಇದೇ ರಾಂಡಾಲ್ಫ್, ಆಗ ವಯಸ್ಸು 74. ಆ ಜಾಥಾ ಅಂದ್ರೆ ಎಲ್ರಿಗೂ ಕಿಂಗ್ ಭಾಷಣ ಮಾತ್ರ ನೆನಪಿರೋದು, ಆದ್ರೆ ಅದರ ಬೇಡಿಕೆ ಪಟ್ಟೀಲಿ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ ಮಾಡಿ ಅಂತ ಇತ್ತು, ಆಗ ಇದ್ದದ್ದು 1.15. ಹಕ್ಕಿನ ಹೋರಾಟ ಬೇರೆ ಸಂಬಳದ ಹೋರಾಟ ಬೇರೆ ಅಂತ ಅವ್ರಿಗೆ ಅನ್ಸಿರ್ಲೇ ಇಲ್ಲ.


ಶಾಲ್ಮಲಾ ಉತ್ತರ:

@ಹಳೇ_ರೈಲು ಸರ್, ಆ ಕೊನೇ ಮಾತಿಗೇ ಸೇರಿಸ್ತೀನಿ, ರಘು ಹೇಳಿದ ಕಸದೋರ ಸ್ಟ್ರೈಕ್ ವಿಷಯ, ಅದು ನಡೆದದ್ದು ಮೆಂಫಿಸ್ ಅನ್ನೋ ಊರಲ್ಲಿ. 1968 ಫೆಬ್ರವರಿ 1, ಜೋರು ಮಳೆ. ಇಬ್ರು ಪೌರಕಾರ್ಮಿಕರು ನಿಲ್ಲೋಕೆ ಬೇರೆ ಜಾಗ ಇಲ್ದೆ ಕಸದ ಲಾರಿ ಹಿಂಭಾಗಕ್ಕೆ ಹೊಕ್ಕಿದ್ರು, ಕಸ ಅಮುಕೋ ಯಂತ್ರ ತಾನಾಗೇ ಚಾಲೂ ಆಗಿ ಇಬ್ರೂ ಒಳಗೇ ಜಜ್ಜಿ ಸತ್ರು. ಅದೇ ಸಮಯದ ಇನ್ನೊಂದು ವಿಷಯ ನೋಡಿ. ಮಳೆ ಬಂತು ಅಂತ ಚರಂಡಿ ಕೆಲಸದ ಕಪ್ಪು ಜನರನ್ನ ಎರಡು ಗಂಟೆ ಕೂಲಿ ಕೊಟ್ಟು ಮನೆಗೆ ಕಳಿಸಿದ್ರು, ಬಿಳಿ ಮೇಲ್ವಿಚಾರಕರಿಗೆ ಪೂರ್ತಿ ದಿನದ ಸಂಬಳ. ಫೆಬ್ರವರಿ 12ಕ್ಕೆ ಸುಮಾರು 1,300 ಜನ ಕೆಲಸಕ್ಕೆ ಬರ್ಲಿಲ್ಲ. ಕೇಳಿದ್ದು ಏನು? ಯೂನಿಯನ್ ಮಾನ್ಯತೆ, ಸಂಬಳ ಏರಿಕೆ, ಸುರಕ್ಷತೆ. ಕೊರಳಿಗೆ ಹಾಕಿದ ಬೋರ್ಡಲ್ಲಿ ಇದ್ದದ್ದು ಮಾತ್ರ "ನಾನು ಮನುಷ್ಯ" ಅಂತ. ಕಿಂಗ್ ಮಾರ್ಚ್ 18ಕ್ಕೆ ಅಲ್ಲಿ ಮಾತಾಡಿದ್ದೂ ಇಷ್ಟು ಶ್ರೀಮಂತ ದೇಶದಲ್ಲಿ ಹೊಟ್ಟೆಗಿಲ್ಲದ ಕೂಲಿ ಕೊಡೋದು ಅಪರಾಧ ಅಂತಲೇ. ಏಪ್ರಿಲ್ 4ಕ್ಕೆ ಅವ್ರ ಕೊಲೆ ಆಯ್ತು, ಏಪ್ರಿಲ್ 16ಕ್ಕೆ ನಗರಸಭೆ ಒಪ್ಪಂದಕ್ಕೆ ಬಂತು, ಮಾನ್ಯತೆ ಮತ್ತೆ ಸಂಬಳ ಏರಿಕೆ ಎರಡೂ. ನಿಮ್ಮಣ್ಣ ಇದು ಸಂಬಳದ್ದಲ್ಲ ಅಂದಿದ್ದು ಸರಿ ಇಲ್ಲ ರಘು, ಬಿಡಬೇಡಿ ಅವ್ರನ್ನ.

ಅದೇ 1968ರಲ್ಲೇ, ಅದೇ ಅಟ್ಲಾಂಟಾದಲ್ಲಿ, ಡೊರೊಥಿ ಬೋಲ್ಡನ್ ಅನ್ನೋ ಮನೆಗೆಲಸದ ಹೆಂಗಸು ಮನೆಗೆಲಸದೋರ ಸಂಘ ಕಟ್ಟಿದ್ರು. ಮನೆಗೆಲಸದೋರಿಗೆ ಫ್ಯಾಕ್ಟರಿ ಗೇಟ್ ಇಲ್ಲ ನೋಡಿ, ಹಾಗಾಗಿ ಈಕೆ ಸಿಟಿ ಬಸ್ಸಲ್ಲಿ ಕೂತು, ಬೆಳಗ್ಗೆ ಕೆಲಸಕ್ಕೆ ಹೋಗೋರ ಜೊತೆ ಲೈನಿಂದ ಲೈನಿಗೆ ಬಸ್ ಬದಲಾಯಿಸ್ತಾ ಸದಸ್ಯರನ್ನ ಸೇರಿಸಿದ್ರು. ಸದಸ್ಯೆ ಆಗೋಕೆ ಷರತ್ತು ಒಂದು ಡಾಲರ್ ಮತ್ತೆ ವೋಟರ್ ಲಿಸ್ಟಲ್ಲಿ ಹೆಸರು. ನನಗೆ ಬಲು ಇಷ್ಟದ ಷರತ್ತು ಅದು.


ಸುಮಾ_ಟೆಕ್ಸಾಸ್ ಉತ್ತರ:

ಇಲ್ಲಿ ಯಾರೂ ಟಿಪ್ಸ್ ಬಗ್ಗೆ ಹೇಳ್ಲಿಲ್ಲ ಅಂತ ಬರೀತಿದೀನಿ. ನಾನು ವರ್ಕ್ ಪರ್ಮಿಟ್ ಬಂದ ಹೊಸದ್ರಲ್ಲಿ ಇಲ್ಲೊಂದು ರೆಸ್ಟೋರೆಂಟಲ್ಲಿ ಎಂಟು ತಿಂಗ್ಳು ಸರ್ವರ್ ಆಗಿದ್ದೆ, ಹೆಸರು ಬೇಡ. ಗಂಟೆಗೆ 2 ಡಾಲರ್ 13 ಸೆಂಟ್. ಟೈಪಿಂಗ್ ಮಿಸ್ಟೇಕ್ ಅಲ್ಲ. ಟಿಪ್ಸ್ ತಗೊಳ್ಳೋರಿಗೆ ಫೆಡರಲ್ (ಅಂದ್ರೆ ಕೇಂದ್ರ ಸರ್ಕಾರದ) ಕನಿಷ್ಠ ಕೂಲಿ 1991ರಿಂದ ಇವತ್ತಿನ ತನಕ ಅಷ್ಟೇ, ಟೆಕ್ಸಾಸಲ್ಲಿ ಅದೇ ನಡೆಯೋದು. ಟಿಪ್ಸ್ ಸೇರಿ ಮಿಕ್ಕೋರ ಕನಿಷ್ಠ ಕೂಲಿ 7.25 ಆಗದಿದ್ರೆ ಮಾಲೀಕ ತುಂಬಿಕೊಡ್ಬೇಕು ಅಂತ ಕಾನೂನಿದೆ, ಆದ್ರೆ ಅದನ್ನ ಬಾಯ್ಬಿಟ್ಟು ಕೇಳಿದೋಳಿಗೆ ಮುಂದಿನ ವಾರ ಮಂಗಳವಾರ ಮಧ್ಯಾಹ್ನದ ಶಿಫ್ಟು, ಅಂದ್ರೆ ಗಿರಾಕಿನೇ ಇಲ್ದಿರೋ ಶಿಫ್ಟು, ನಂಗೆ ಬಿದ್ದಿತ್ತು ಹಾಗೆ ಒಂದ್ಸಲ.

ಮೊದಲ ಪೇಚೆಕ್ ಕವರ್ ಒಡೆದೆ, ಒಳಗೆ ಚೆಕ್ ಇದೆ, ಮೊತ್ತ 0.00. ನಾನು ಮ್ಯಾನೇಜರ್ ಹತ್ರ ಓಡಿದೆ ತಪ್ಪಾಗಿದೆ ಅಂತ, ಅವ್ನು ನಕ್ಕ, ತಪ್ಪೇನಿಲ್ಲ, ನಿನ್ನ ಟಿಪ್ಸ್ ಮೇಲಿನ ಟ್ಯಾಕ್ಸೆಲ್ಲ ಈ 2.13ರಲ್ಲೇ ಹಿಡ್ಕೊಂಡಿರೋದು ಅಂತ. ಹಳೇ ಹುಡ್ಗೀರು ಕವರ್ ಒಡೀತಾನೇ ಇರ್ಲಿಲ್ಲ, ಹಾಗೇ ಲಾಕರಲ್ಲಿ ಬಿಸಾಕೋರು. ರಾತ್ರಿ ಬಾಗ್ಲು ಹಾಕಿದ ಮೇಲೆ ಫೋರ್ಕು ನೈಫು ನ್ಯಾಪ್ಕಿನ್ನಲ್ಲಿ ಸುತ್ತಿ ಸುತ್ತಿ ಇಡ್ಬೇಕು, ನಂದು ದಿನಕ್ಕೆ ನೂರು ಸುತ್ತು, ಆ ಹೊತ್ತಲ್ಲಿ ಟಿಪ್ಸ್ ಕೊಡೋಕೆ ಒಂದು ನರಪಿಳ್ಳೆ ಇರಲ್ಲ, ಆದ್ರೂ ಅದೇ 2.13.

ಇದರ ಹಿಸ್ಟರಿ ಆಮೇಲೆ ಓದಿದ್ದು. ಟಿಪ್ಸ್ ಯುರೋಪಿಂದ ಬಂದ ಶೋಕಿ, ಅಂತರ್ಯುದ್ಧ ಆದ ಮೇಲೆ ಇಲ್ಲಿ ಜೋರಾಗಿ ಬೆಳೀತು, ಬಿಡುಗಡೆ ಆದ ಗುಲಾಮರನ್ನ ಕೆಲಸಕ್ಕೆ ಇಟ್ಕೊಂಡು ಸಂಬಳ ಗಿರಾಕಿ ಕೊಡ್ತಾನೆ ಬಿಡು ಅನ್ನೋಕೆ ಅನುಕೂಲ ಆಯ್ತು, ಪುಲ್‌ಮನ್ ಮಾಡಿದ್ದೂ ಅದೇ. ತಮಾಷೆ ಅಂದ್ರೆ ಶುರುವಲ್ಲಿ ಅಮೆರಿಕನ್ನರಿಗೇ ಇದು ಅಸಹ್ಯ ಅನ್ಸಿ 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸ್ ಕೊಡೋದನ್ನೇ ನಿಷೇಧ ಮಾಡಿತ್ತು, ಇನ್ನೂ ಕೆಲವು ರಾಜ್ಯ ಹಿಂದೆ ಬಂದ್ವು, 1926ರ ಹೊತ್ತಿಗೆ ಎಲ್ಲ ವಾಪಸ್. 1966ರಲ್ಲಿ ರೆಸ್ಟೋರೆಂಟ್ ಕೆಲಸದೋರನ್ನ ಕನಿಷ್ಠ ಕೂಲಿ ಒಳಗೆ ತಂದ್ರು, ಆದ್ರೆ ಅದೇ ಏಟಿಗೆ ಅರ್ಧ ಕೂಲಿ ಟಿಪ್ಸಿಂದ ತುಂಬ್ಕೋಬಹುದು ಅಂತ ಮಾಲೀಕರಿಗೆ ಬಿಟ್ಟುಕೊಟ್ರು. 1996ರಲ್ಲಿ ಮಿಕ್ಕೋರ ಕೂಲಿ ಏರಿಸಿದಾಗ ಟಿಪ್ಸ್‌ನೋರದ್ದು ಮಾತ್ರ 2.13ಕ್ಕೇ ಕಟ್ಟಿಹಾಕಿದ್ರು, ರೆಸ್ಟೋರೆಂಟ್ ಮಾಲೀಕರ ಸಂಘ ಕೂತು ಮಾಡಿಸಿದ ಕೆಲಸ ಅದು. ಸಂಘಟನೆ ಅಂದ್ರೆ ಬರೀ ಕೆಲಸದೋರದ್ದು ಅಂತ ಯಾರಾದ್ರೂ ಅನ್ಕೊಂಡಿದ್ರೆ...


ತರಲೆ_ತಿಮ್ಮಯ್ಯ ಉತ್ತರ:

ಅಕ್ಕ, ಸೊನ್ನೆ ಚೆಕ್ ಕಥೆ ಓದಿ ಒಂದ್ನಿಮಿಷ ಸುಮ್ನಾದೆ. ಸರಿ, ಆದ್ರೆ ನನ್ನ ಪ್ರಶ್ನೆ ಹಾಗೇ ಉಳೀತು. ಏರಿಸಿದ್ರೆ ಕೆಲಸ ಹೋಗಲ್ವಾ? ಮತ್ತೆ ಕಾನೂನು ಇದ್ಯಲ್ಲ, ಕಾನೂನಾಗಿ ಯೂನಿಯನ್ ಮಾಡ್ಕೊಂಡು ಕೂತು ಮಾತಾಡ್ಬೋದಲ್ಲ, ಬೀದಿಗೆ ಬರೋದು ಯಾಕೆ?


ಕಾನೂನು_ಕಟ್ಟೆ ಉತ್ತರ:

ತಿಮ್ಮಯ್ಯ, ಎರಡನೇದಕ್ಕೆ ಮೊದ್ಲು ಹೇಳ್ತೀನಿ, ಅದೇ ನನ್ನ ಪ್ರಕಾರ ಈ ಇಡೀ ಚರ್ಚೆಯ ಗಂಟು. ಕಾನೂನು ಇವ್ರಿಗಾಗಿ ಬರೆದದ್ದೇ ಅಲ್ಲ. 1935ರ ಕಾರ್ಮಿಕ ಸಂಬಂಧ ಕಾಯ್ದೆ ಯೂನಿಯನ್ ಹಕ್ಕು ಕೊಡ್ತು, ಹೊಲದ ಕೆಲಸದೋರನ್ನ ಮನೆಗೆಲಸದೋರನ್ನ ಹೊರಗಿಟ್ಟು. 1938ರಲ್ಲಿ ಕನಿಷ್ಠ ಕೂಲಿ ಬಂತು, ಗಂಟೆಗೆ 25 ಸೆಂಟ್, ಅದರಲ್ಲೂ ಇವ್ರಿಬ್ರೂ ಹೊರಗೆ, ಜೊತೆಗೆ ಅಂಗಡಿ, ಹೋಟೆಲ್, ಲಾಂಡ್ರಿ ಕೆಲಸದೋರು ಬಹುಪಾಲು ಹೊರಗೆ. ದಕ್ಷಿಣದ ಸಂಸದರ ವೋಟು ಬೇಕಿತ್ತು, ಅವ್ರ ಮನೇಲಿ ಹೊಲದಲ್ಲಿ ದುಡೀತಿದ್ದೋರು ಕಪ್ಪು ಜನ. ಹೋಟೆಲ್ಲು, ಆಸ್ಪತ್ರೆ, ಶಾಲೆ, ಲಾಂಡ್ರಿಯೋರು ಒಳಗೆ ಬಂದದ್ದು 1966ರ ತಿದ್ದುಪಡಿಯಿಂದ, ಮನೆಗೆಲಸದೋರು 1974ಕ್ಕೆ. ಲೆಕ್ಕ ಹಾಕಿ ಎಷ್ಟು ವರ್ಷ.

ಇನ್ನು ಕಾನೂನು ಒಳಗೆ ಬಂದ ಮೇಲೂ ಒಂದು ಆಟ ಇದೆ. ಲಾಸ್ ಏಂಜಲೀಸ್ ಆಫೀಸ್ ಬಿಲ್ಡಿಂಗ್ ಗುಡಿಸೋರನ್ನ ತಗೊಳ್ಳಿ. 80ರ ದಶಕದ ಶುರುವಲ್ಲಿ ಯೂನಿಯನ್ ಇದ್ದು ಗಂಟೆಗೆ 7 ಡಾಲರ್ ಮೇಲೆ ಇತ್ತು. ಬಿಲ್ಡಿಂಗ್ ಓನರ್‌ಗಳು ಯೂನಿಯನ್ ಇಲ್ಲದ ಕ್ಲೀನಿಂಗ್ ಕಂಟ್ರಾಕ್ಟರ್‌ಗಳಿಗೆ ಕೆಲಸ ಬದಲಾಯಿಸಿದ್ರು, ವಲಸೆ ಬಂದ ಜನ ಸಿಕ್ರು, ಕೂಲಿ ನಾಲ್ಕೂವರೆ ಆಸುಪಾಸಿಗೆ ಬಿತ್ತು. ಈಗ ನೀವು ಕಾನೂನು ಪ್ರಕಾರ ಕಂಟ್ರಾಕ್ಟರ್ ಹತ್ರ ಯೂನಿಯನ್ ಮಾಡಿ ಗೆದ್ರೂ ಓನರ್ ಆ ಕಂಟ್ರಾಕ್ಟರಿಗೆ ಒಂದು ನೋಟಿಸ್ ಕೊಟ್ಟು ಬೇರೆಯೋನನ್ನ ತರ್ತಾನೆ, ಗೆದ್ದ ಯೂನಿಯನ್ ಗಾಳಿಗೆ. ದುಡ್ಡಿರೋದು ಓನರ್ ಹತ್ರ, ಕಾಗದದ ಮೇಲೆ ಮಾಲೀಕ ಮಾತ್ರ ಕಂಟ್ರಾಕ್ಟರ್. ಅದಕ್ಕೇ ಅವ್ರ "ಜಾನಿಟರ್‌ಗಳಿಗೆ ನ್ಯಾಯ" ಆಂದೋಲನ ಕಂಟ್ರಾಕ್ಟರನ್ನ ಬಿಟ್ಟು ನೇರ ಓನರ್ ಮಾನಕ್ಕೇ ಕೈ ಹಾಕ್ತು, ಲಾಬಿಗೆ ಹೋಗಿ ಡೋಲು ಬಡಿಯೋದು, ರಸ್ತೆ ಕಟ್ಟೋದು. 1990ರ ಜೂನ್ 15ಕ್ಕೆ ಅದೇ ಊರಿನ ಸೆಂಚುರಿ ಸಿಟಿ ಏರಿಯಾದಲ್ಲಿ ಪೊಲೀಸ್ರು ಮೆರವಣಿಗೆ ಮೇಲೆ ಲಾಠಿ ಬೀಸಿದ್ದು ಟೀವೀಲಿ ಬಂತು, ಜನ ಹೌಹಾರಿದ್ರು, ಅಲ್ಲಿನ ದೊಡ್ಡ ಕಂಟ್ರಾಕ್ಟರ್ ಸ್ವಲ್ಪ ದಿನದಲ್ಲೇ ಯೂನಿಯನ್ ಜೊತೆ ಸಹಿ ಹಾಕ್ತು. ಜೂನ್ 15ನ ಅವ್ರು ಇವತ್ತಿಗೂ ಆಚರಿಸ್ತಾರೆ.

ಫಾಸ್ಟ್‌ಫುಡ್‌ನಲ್ಲಿ ಅದೇ ಆಟ, ಹೆಸರು ಬೇರೆ, ಫ್ರಾಂಚೈಸಿ. ಬೋರ್ಡ್ ದೊಡ್ಡ ಕಂಪನೀದು, ಸಂಬಳ ಕೊಡೋನು ನಾಲ್ಕು ಅಂಗಡಿ ಇಟ್ಕೊಂಡ ಒಬ್ಬ ಮಾಲೀಕ. ಅಂಗಡಿ ಅಂಗಡಿಗೂ ಯೂನಿಯನ್ ಚುನಾವಣೆ ಮಾಡ್ತಾ ಕೂತ್ರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಹಾಗಾಗಿ 2012 ನವೆಂಬರ್ 29ರಂದು ನ್ಯೂಯಾರ್ಕಲ್ಲಿ ಸುಮಾರು 200 ಜನ ಒಂದು ದಿನದ ಮಟ್ಟಿಗೆ ಕೆಲಸ ಬಿಟ್ಟು ಹೊರಗೆ ಬಂದ್ರು. ಒಂದೇ ದಿನ ಯಾಕೆ? ಅನಿರ್ದಿಷ್ಟ ಸ್ಟ್ರೈಕ್ ಹೂಡಿದ್ರೆ ಆ ಜಾಗಕ್ಕೆ ಕಾಯಂ ಆಗಿ ಬೇರೆಯೋರನ್ನ ತಗೋಬಹುದು ಅಂತ ಸುಪ್ರೀಂ ಕೋರ್ಟ್ 1938ರಲ್ಲೇ ಹೇಳಿಬಿಟ್ಟಿದೆ. ಮಾರನೇ ಬೆಳಗ್ಗೆ ಒಬ್ಬೊಬ್ಬ ಕೆಲಸದೋರ ಜೊತೆಗೂ ಪಾದ್ರಿಗಳು, ಏರಿಯಾ ಜನ, ಕೆಲವು ಕಡೆ ಕೌನ್ಸಿಲ್ ಮೆಂಬರ್ ಕೂಡ ಅಂಗಡಿ ತನಕ ಹೋಗಿ, ಮ್ಯಾನೇಜರ್ ಮುಖ ನೋಡಿ, ಕೆಲಸಕ್ಕೆ ಹತ್ತಿಸಿ ಬರೋರು. ಮಗೂನ ಮೊದಲ ದಿನ ಸ್ಕೂಲಿಗೆ ಬಿಟ್ಟು ಬಂದ ಹಾಗೆ! ರಘು, ನಿಮ್ಮಣ್ಣ ಹೇಳಿದ್ದು ಅರ್ಧ ನಿಜ, ಸೇವಾ ಕ್ಷೇತ್ರದ ದೊಡ್ಡ ಯೂನಿಯನ್ ಹಣ ಇತ್ತು, ಮುಚ್ಚಿಟ್ಟಿದ್ದೇನೂ ಇಲ್ಲ. ಆದ್ರೆ ಆ ಯೂನಿಯನ್ ಅದರಿಂದ ಸದಸ್ಯರನ್ನೇನೂ ಗುಡ್ಡೆ ಹಾಕ್ಕೊಳ್ಲಿಲ್ಲ, ಸಿಕ್ಕಿದ್ದು ಕಾನೂನು. 2013ರಲ್ಲಿ ಸಿಯಾಟಲ್ ಪಕ್ಕದ ಸೀಟ್ಯಾಕ್ ಅನ್ನೋ ಸಣ್ಣ ಊರಲ್ಲಿ, ಏರ್‌ಪೋರ್ಟ್ ಇರೋ ಊರು, 15 ಡಾಲರ್ ಮತಕ್ಕೆ ಹಾಕಿ 77 ವೋಟಲ್ಲಿ ಗೆದ್ರು. 2014ರಲ್ಲಿ ಸಿಯಾಟಲ್, 2016ರ ಏಪ್ರಿಲ್ 4ಕ್ಕೆ ಕ್ಯಾಲಿಫೋರ್ನಿಯಾ ಮತ್ತೆ ನ್ಯೂಯಾರ್ಕ್ ಎರಡೂ ಒಂದೇ ದಿನ. ಕ್ಯಾಲಿಫೋರ್ನಿಯಾದಲ್ಲಿ ದೇಶಾದ್ಯಂತ 60ಕ್ಕೂ ಹೆಚ್ಚು ಅಂಗಡಿ ಇರೋ ಫಾಸ್ಟ್‌ಫುಡ್ ಚೈನ್‌ಗಳಿಗೆ 2024 ಏಪ್ರಿಲ್ 1ರಿಂದ 20 ಡಾಲರ್. ಫೆಡರಲ್ ಮಾತ್ರ 2009ರಿಂದ 7.25ಕ್ಕೇ ನಿಂತಿದೆ, 2021ರಲ್ಲಿ ಸೆನೆಟ್‌ನಲ್ಲಿ 15ಕ್ಕೆ ಏರಿಸೋ ಪ್ರಯತ್ನ 58-42ರಲ್ಲಿ ಬಿತ್ತು.

ಕೆಲಸ ಹೋಗುತ್ತೆ ಅನ್ನೋದಕ್ಕೆ. 1992ರಲ್ಲಿ ನ್ಯೂಜೆರ್ಸಿ (ಹೌದು ರಘು, ನಿಮ್ಮಣ್ಣನ ರಾಜ್ಯವೇ) ಕನಿಷ್ಠ ಕೂಲಿನ 4.25ರಿಂದ 5.05ಕ್ಕೆ ಏರಿಸ್ತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸ್ಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಇಬ್ರೂ ಗಡಿಯ ಎರಡೂ ಕಡೆ 410 ಫಾಸ್ಟ್‌ಫುಡ್ ಅಂಗಡಿಗಳಿಗೆ ಏರಿಕೆಗೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ವಿಚಾರಿಸಿ ನೋಡಿದ್ರೆ ನ್ಯೂಜೆರ್ಸಿಲಿ ಕೆಲಸ ಕಮ್ಮಿ ಆಗಿರ್ಲಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಇದನ್ನ ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ, ನೀವು ಹೇಳಿದ ಸಿಯಾಟಲ್ ಸ್ಟಡಿನೂ ಸುಳ್ಳಲ್ಲ, ಆದ್ರೆ ಅದು ಬಂದ ತಿಂಗಳೇ ಬರ್ಕ್ಲಿ ಯೂನಿವರ್ಸಿಟಿಯವ್ರು ಅದೇ ಸಿಯಾಟಲ್ ರೆಸ್ಟೋರೆಂಟ್‌ಗಳನ್ನ ನೋಡಿ ಕೆಲಸ ಹೋಗಿಲ್ಲ ಅಂದ್ರು. ಎಷ್ಟು, ಎಷ್ಟು ಬೇಗ ಏರಿಸ್ತೀರಿ ಅನ್ನೋದ್ರ ಮೇಲೆ ಹೋಗುತ್ತೆ. ಏರಿಸಿದ್ರೆ ಅಂಗಡಿ ಮುಚ್ಚುತ್ತೆ ಅಂತ 1938ರಿಂದ ಹೇಳ್ತಾನೇ ಇದಾರೆ, ಅದಂತೂ ನಿಜ.


ಹಳೇ_ರೈಲು ಉತ್ತರ:

ಬಾಗ್ಲಲ್ಲಿ ಇನ್ನೊಬ್ಬ ನಿಂತಿರ್ತಾನೆ ಅಂದ್ರಲ್ಲ ತಿಮ್ಮಯ್ಯನೋರು, ಅದಕ್ಕೆ ಲಾಸ್ ವೇಗಸ್‌ದೊಂದು. ಫ್ರಾಂಟಿಯರ್ ಅನ್ನೋ ಕ್ಯಾಸಿನೊ ಹೋಟೆಲು, 1991ರ ಸೆಪ್ಟೆಂಬರ್ 21ಕ್ಕೆ ರೂಮ್ ಕ್ಲೀನ್ ಮಾಡೋರು, ಅಡುಗೆಯೋರು, ವೇಟರ್‌ಗಳು ಸೇರಿ 550 ಜನ ಹೊರಗೆ ಬಂದ್ರು. ವಾಪಸ್ ಹೋದದ್ದು 1998ರ ಫೆಬ್ರವರಿಗೆ, ಹೋಟೆಲ್ ಮಾಲೀಕರೇ ಬದಲಾದ ಮೇಲೆ. ಆರು ವರ್ಷ ನಾಲ್ಕು ತಿಂಗಳು, ಹಗಲೂ ರಾತ್ರಿ ಗೇಟಲ್ಲಿ ಪಾಳಿ, ಆ ಮರಳುಗಾಡು ಬಿಸಿಲಲ್ಲಿ. 550ರಲ್ಲಿ ಒಬ್ಬನೂ ಮಧ್ಯದಲ್ಲಿ ಮುರಿದು ಒಳಗೆ ಹೋಗ್ಲಿಲ್ಲ. ಹೋಟೆಲೇನೋ ಬೇರೆ ಜನರನ್ನ ಇಟ್ಟು ನಡೀತು, ನಿಮ್ಮ ಅರ್ಥಶಾಸ್ತ್ರ ಅಷ್ಟು ಸರಿ. ಆದ್ರೆ ಗೆದ್ದೋರು ಇವ್ರೇ.


ಅಜ್ಜಿಮನೆ_ಕಿಟಕಿ ಉತ್ತರ:

1937ರ ಡೆಟ್ರಾಯಿಟ್ ವೂಲ್ವರ್ತ್ ಅಂಗಡಿ ಹುಡ್ಗೀರನ್ನ ಮರೀಬೇಡಿ! 108 ಸೇಲ್ಸ್ ಹುಡ್ಗೀರು ಶನಿವಾರ ಜನ ತುಂಬಿದ್ದಾಗ ಸೀಟಿ ಊದಿದ ತಕ್ಷಣ ಕೌಂಟರಿಂದ ಹಿಂದೆ ಸರಿದ್ರು, ಗಿರಾಕಿಗಳನ್ನ ಹೊರಗೆ ಕಳಿಸಿ ಅಂಗಡಿ ಒಳಗೇ ಏಳು ದಿನ ಠಿಕಾಣಿ. ಗಂಟೆಗೆ 5 ಸೆಂಟ್ ಏರಿಕೆ, ಯೂನಿಯನ್ ಮಾನ್ಯತೆ ಎರಡೂ ಸಿಕ್ತು. ಅದೇ ಚಳಿಗಾಲದಲ್ಲಿ ಪಕ್ಕದೂರು ಫ್ಲಿಂಟ್‌ನಲ್ಲಿ ಕಾರ್ ಫ್ಯಾಕ್ಟರಿಯೋರು ಹೀಗೇ ಕೂತು ಗೆದ್ದಿದ್ರು. ನಿಮ್ಮಣ್ಣಂಗೆ ಆ ಫ್ಯಾಕ್ಟರಿಯೋರು ಮಾತ್ರ ಗೊತ್ತಿರ್ಬೇಕು.


ರಘು_ಮಳೆಗಾಲ ಉತ್ತರ:

ಅಬ್ಬಾ, ಒಂದು ಪ್ರಶ್ನೆ ಕೇಳಿದ್ರೆ ಇಷ್ಟೊಂದು. ಎಲ್ರಿಗೂ ಥ್ಯಾಂಕ್ಸ್. ಬಿಯರ್ ಪೀಪಾಯಿ, 77 ವೋಟು, ಮತ್ತೆ ನ್ಯೂಜೆರ್ಸಿ 410 ಅಂಗಡಿ ಮೂರನ್ನೂ ಗ್ರೂಪಿಗೆ ಹಾಕಿದೆ. ಅಣ್ಣ ಎರಡು ಗಂಟೆ ಬ್ಲೂ ಟಿಕ್ ಬಿಟ್ಟು ಆಮೇಲೆ "ಟಿಪ್ಸ್ ವಿಷಯ ಈಗ ಮುಗೀತು ಬಿಡು, ಟಿಪ್ಸ್ ಮೇಲೆ ಟ್ಯಾಕ್ಸೇ ತೆಗೆದುಬಿಟ್ಟಿದಾರೆ" ಅಂತ ಹಾಕಿದಾನೆ. ಸುಮಾ ಅಕ್ಕ, ಹೌದಾ ಇದು?


ಸುಮಾ_ಟೆಕ್ಸಾಸ್ ಉತ್ತರ:

ಪೂರ್ತಿ ತೆಗೆದಿಲ್ಲ ರಘು. 2025ರ ಜುಲೈಲಿ ಬಂದ ಕಾನೂನು, ವರ್ಷಕ್ಕೆ 25,000 ಡಾಲರ್ ತನಕ ಟಿಪ್ಸನ್ನ ಫೆಡರಲ್ ಇನ್‌ಕಮ್ ಟ್ಯಾಕ್ಸ್ ಲೆಕ್ಕದಿಂದ ಕಳೀಬಹುದು, ಅದೂ 2028ರ ತನಕ. ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದೋರ ಆರೋಗ್ಯ ವಿಮೆ) ಕಡಿತ ಇದ್ದ ಹಾಗೇ ಇದೆ. ಇನ್‌ಕಮ್ ಟ್ಯಾಕ್ಸ್ ಕಟ್ಟೋಷ್ಟು ದುಡೀದೇ ಇರೋರಿಗೆ ಇದರಿಂದ ಏನೂ ಇಲ್ಲ, ನನ್ನ ಜೊತೆ ಇದ್ದ ಇಬ್ರು ಮಕ್ಕಳ ತಾಯಿ ಒಬ್ಳು ಆ ಲೆಕ್ಕದೋಳೇ. ಮಾಲೀಕ ತನ್ನ ಕಿಸೆಯಿಂದ ಕೊಡೋದು 2.13 ಇತ್ತಲ್ಲ, ಅದು 2.13ನೇ ಇದೆ ಅಂತ ಬರೆದುಹಾಕಿ ಗ್ರೂಪಿಗೆ.